‘ಮನೆಯಲ್ಲೇ ಇರಿ’ ಅಂತೀರಿ, ಮನೆ ಸುರಕ್ಷಿತವಾಗಿದೆಯಾ?

ಮಳೆಗಾಲದ ಸರ್ಕಾರಿ ಸಂದೇಶಗಳಿಗೆ ಒಂದು ಸಿದ್ಧ ಮಾದರಿ ಇದೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತೆ, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ಸಂಜೆ ಹೊತ್ತಿಗೆ ಎಲ್ಲ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೂ ಒಂದು ಪ್ರಕಟಣೆ ಓಡಾಡುತ್ತೆ: ನದಿ, ಹಳ್ಳ, ಸಮುದ್ರದ ಹತ್ತಿರ ಹೋಗಬೇಡಿ, ಮರದ ಕೆಳಗೆ ನಿಲ್ಲಬೇಡಿ, ಅನಗತ್ಯವಾಗಿ ಹೊರಗೆ ಬರಬೇಡಿ, ಮನೆಯಲ್ಲೇ ಇರಿ.

ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಅದರ ಹಿಂದೆ ಒಂದು ನಂಬಿಕೆ ಇದೆ. ಅಪಾಯ ಇರೋದು ಹೊರಗೆ, ಬಾಗಿಲು ಹಾಕಿಕೊಂಡರೆ ನೀವು ಸುರಕ್ಷಿತ ಅನ್ನೋ ನಂಬಿಕೆ. ಈಚಿನ ಕೆಲವು ಮಳೆಗಾಲಗಳ ಸುದ್ದಿಯನ್ನು ಒಮ್ಮೆ ತಿರುಗಿ ನೋಡಿದರೆ ಆ ನಂಬಿಕೆ ನಿಲ್ಲಲ್ಲ.

2024ರ ಜೂನ್ 26ರ ಬೆಳಗಿನ ಜಾವ, ಉಳ್ಳಾಲ ತಾಲೂಕಿನ ಕುತ್ತಾರು ಮದನಿ ನಗರದಲ್ಲಿ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಕುಸಿದು ಬಿತ್ತು. ಮನೆಯೊಳಗೆ ಮಲಗಿದ್ದ ಒಂದೇ ಕುಟುಂಬದ ನಾಲ್ವರು ಸತ್ತರು. ಮರು ತಿಂಗಳು ಹಾವೇರಿ ಜಿಲ್ಲೆ ಸವಣೂರು ತಾಲೂಕಿನ ಮಾದಾಪುರದಲ್ಲಿ ಮಳೆಗೆ ನೆನೆದ ಮನೆ ಕುಸಿದು ಮೂವರು ಸತ್ತರು, ಅವರಲ್ಲಿ ಇಬ್ಬರು ಪುಟ್ಟ ಮಕ್ಕಳು. 2025ರ ಮೇ 19ರಂದು ಬೆಂಗಳೂರಿನ ಬಿಟಿಎಂ ಲೇಔಟ್ ಪಕ್ಕದ ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟಿಗೆ ನುಗ್ಗಿದ್ದ ನೀರನ್ನು ಮೋಟಾರ್ ಹಚ್ಚಿ ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬರು ಅಲ್ಲಿನ ಹಿರಿಯ ನಿವಾಸಿ, ಇನ್ನೊಬ್ಬ ಅಲ್ಲೇ ಕೆಲಸಕ್ಕಿದ್ದವರ 12 ವರ್ಷದ ಮಗ. ಅದೇ ತಿಂಗಳ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆ ಮೇಲೆ ಬಿತ್ತು. ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು ಉಳಿಯಲಿಲ್ಲ.

ಇವರ‍್ಯಾರೂ ಸೆಲ್ಫಿ ತೆಗೆಯೋಕೆ ಫಾಲ್ಸ್ ತುದಿಗೆ ಹೋಗಿರಲಿಲ್ಲ. ಮನೆಯಲ್ಲೇ ಇದ್ದರು, ಇಲ್ಲಾ ಮನೆಯ ಆವರಣದಲ್ಲೇ ಇದ್ದರು.

ಹಾಗಾಗಿ ಮಳೆಗಾಲದಲ್ಲಿ ಮನೆಯೊಳಗಿನ ಸುರಕ್ಷತೆ ಅನ್ನೋದನ್ನ ಬರೀ ‘ಟಿಪ್ಸ್’ ಥರ ನೋಡೋದು ನನಗೆ ಸರಿ ಕಾಣಲ್ಲ. ಟಿಪ್ಸ್ ಬೇಕು, ಈ ಬರಹದಲ್ಲೂ ಇವೆ. ಆದರೆ ಮನೆಯೊಳಗೆ ನಮ್ಮನ್ನು ಕೊಲ್ಲುವ, ಕಾಯಿಲೆ ಬೀಳಿಸುವ ಸಂಗತಿಗಳಲ್ಲಿ ಹೆಚ್ಚಿನವು ಮನೆಗೆ ಬರೋದು ಸಾರ್ವಜನಿಕ ದಾರಿಯಲ್ಲಿ. ಎಸ್ಕಾಂ ವೈರು, ನಗರಸಭೆಯ ಪೈಪು, ಪಂಚಾಯಿತಿ ಚರಂಡಿ, ಯಾರೋ ಅನುಮತಿ ಕೊಟ್ಟ ಗೋಡೆ. ಒಂದೊಂದಾಗಿ ನೋಡೋಣ. ಪ್ರತಿಯೊಂದರಲ್ಲೂ ನಾವೇನು ಮಾಡಬಹುದು, ಎಲ್ಲಿಗೆ ನಮ್ಮ ಕೈ ಮುಗಿಯುತ್ತೆ, ಅಲ್ಲಿಂದಾಚೆ ಯಾರನ್ನು ಕೇಳಬೇಕು ಅನ್ನೋದನ್ನೂ ನೋಡೋಣ.

ಎಂಸಿಬಿ ಕಾಯೋದು ವೈರನ್ನ

ನಾನು ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಪತ್ರಿಕೋದ್ಯಮಕ್ಕೆ ಬಂದ ಮೇಲೆ ಆ ಓದು ಹೆಚ್ಚಾಗಿ ಬಳಕೆಯಾಗಿರೋದು ಬಾಡಿಗೆ ಮನೆ ನೋಡೋಕೆ ಹೋದಾಗ. ಮಾಲೀಕರು ಅಡುಗೆಮನೆಯ ಗ್ರಾನೈಟ್ ತೋರಿಸುತ್ತಿರುವಾಗ ನಾನು ಬಾಗಿಲ ಹಿಂದಿನ ಡಿಬಿ ಬಾಕ್ಸ್ ತೆಗೆದು ನೋಡ್ತೀನಿ. ಸಾಲಾಗಿ ಎಂಸಿಬಿಗಳಿರುತ್ತವೆ. ‘ಎಲ್ಲಾ ಸೇಫ್ಟಿ ಇದೆ ಸಾರ್, ಏನೇ ಆದ್ರೂ ಟ್ರಿಪ್ ಆಗುತ್ತೆ’ ಅಂತಾರೆ.

ಏನೇ ಆದ್ರೂ ಟ್ರಿಪ್ ಆಗಲ್ಲ. ಇದನ್ನು ಅರ್ಥ ಮಾಡಿಕೊಳ್ಳೋಕೆ ಹೈಸ್ಕೂಲಿನ ಓಮ್ ನಿಯಮ ಸಾಕು. ನಮ್ಮ ಮನೆಗೆ ಬರೋದು 230 ವೋಲ್ಟ್. ಒಣ ಚರ್ಮ ಕರೆಂಟಿಗೆ ಸಾಕಷ್ಟು ಅಡ್ಡಿ ಮಾಡುತ್ತೆ. ಆದರೆ ಕೈಕಾಲು ಒದ್ದೆಯಾಗಿ, ಬರಿಗಾಲಲ್ಲಿ ನೀರಲ್ಲಿ ನಿಂತಾಗ ದೇಹದ ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. 230ನ್ನು 1,000ದಿಂದ ಭಾಗಿಸಿ: 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಹೃದಯದ ಬಡಿತ ಹದಗೆಟ್ಟು ನಿಲ್ಲೋಕೆ ಇದರ ಅರ್ಧಕ್ಕಿಂತ ಕಡಿಮೆ ಕರೆಂಟ್ ಸಾಕು. ನಿಮ್ಮ ಗೀಸರ್ ಪಾಯಿಂಟಿನ ಎಂಸಿಬಿಗೆ 16 ಆಂಪಿಯರ್ ಮಿತಿ ಇರುತ್ತೆ. ಅಂದರೆ 16,000 ಮಿಲಿಆಂಪಿಯರ್ ದಾಟಿದ ಮೇಲೆಯೇ ಅದಕ್ಕೆ ಏನೋ ಎಡವಟ್ಟಾಗಿದೆ ಅನ್ನಿಸೋದು. ನಿಮ್ಮ ಮೈಯಲ್ಲಿ ಹರಿಯುವ 230 ಮಿಲಿಆಂಪಿಯರ್ ಅದರ ಲೆಕ್ಕದಲ್ಲಿ ಒಂದು ಪುಟ್ಟ ಬಲ್ಬ್ ಹತ್ತಿದ ಹಾಗೆ. ಎಂಸಿಬಿ ಇರೋದು ವೈರು ಸುಡದಂತೆ ಕಾಯೋಕೆ. ಮನುಷ್ಯರನ್ನ ಕಾಯೋದು ಅದರ ಕೆಲಸವೇ ಅಲ್ಲ.

ಆ ಕೆಲಸಕ್ಕೆ ಬೇರೆ ಸಾಧನ ಇದೆ, ಆರ್‌ಸಿಸಿಬಿ. ಹಳೇ ಎಲೆಕ್ಟ್ರಿಷಿಯನ್‌ಗಳು ಈಗಲೂ ಇಎಲ್‌ಸಿಬಿ ಅಂತಾರೆ. ಫೇಸ್ ವೈರಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ತಾಳೆ ನೋಡುತ್ತಿರುತ್ತೆ. 30 ಮಿಲಿಆಂಪಿಯರ್ ಕಮ್ಮಿ ಬಂತು ಅಂದರೆ ಆ ಕರೆಂಟು ಬೇರೆಲ್ಲೋ, ಬಹುಶಃ ಯಾರದೋ ದೇಹದ ಮೂಲಕ, ನೆಲಕ್ಕೆ ಹೋಗ್ತಿದೆ ಅಂತ ಅರ್ಥ. ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಇಡೀ ಮನೆಯ ಸಂಪರ್ಕ ಕಡಿಯುತ್ತೆ. ಶಾಕ್ ಹೊಡೆಯುತ್ತೆ, ಆದರೆ ಜೀವ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು.

ನಿಮ್ಮ ಡಿಬಿ ಬಾಕ್ಸಿನಲ್ಲಿ ಇದು ಇದೆಯಾ ಅಂತ ಇವತ್ತೇ ನೋಡಿ. ಇದ್ದರೆ ಅದರ ಮೇಲೆ ‘ಟೆಸ್ಟ್’ ಅನ್ನೋ ಸಣ್ಣ ಗುಂಡಿ ಇರುತ್ತೆ. ಒತ್ತಿದರೆ ಮನೆಯ ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಗೋಡೆಗೆ ಮೆತ್ತಿದ ಪ್ಲಾಸ್ಟಿಕ್ ಡಬ್ಬಿ ಅಷ್ಟೇ, ಬದಲಾಯಿಸಿ. ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಇದನ್ನು ಬೈಪಾಸ್ ಮಾಡಿಸಿಕೊಂಡವರು ತುಂಬಾ ಜನ ಇದ್ದಾರೆ. ಅದು ಟ್ರಿಪ್ ಆಗೋದೇ ನಿಮ್ಮ ನೆನೆದ ಗೋಡೆಯಲ್ಲೋ ಹಳೇ ಮೋಟಾರಿನಲ್ಲೋ ಕರೆಂಟ್ ಸೋರ್ತಿದೆ ಅಂತ ಹೇಳೋಕೆ. ಸರಿ ಮಾಡಿಸಬೇಕಾದ್ದು ಆ ಸೋರಿಕೆಯನ್ನ.

ಇನ್ನು ಕೆಲವು ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ನೀರು ಒಳಗೆ ಬರುವ ಸೂಚನೆ ಇದ್ದರೆ, ಅದು ಪ್ಲಗ್ ಪಾಯಿಂಟಿನ ಮಟ್ಟಕ್ಕೆ ಏರುವ ಮೊದಲೇ ಮೇನ್ ಆಫ್ ಮಾಡಿ. ನೀರು ಬಂದಾದ ಮೇಲೆ ನೀರಲ್ಲಿ ನಿಂತು ಸ್ವಿಚ್ ಬೋರ್ಡ್ ಮುಟ್ಟಬೇಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಮೇನ್ ಆಫ್ ಮಾಡಿದರೂ ಬ್ಯಾಟರಿಯಿಂದ ಕೆಲವು ಪಾಯಿಂಟ್‌ಗಳಿಗೆ 230 ವೋಲ್ಟ್ ಹರಿಯುತ್ತಲೇ ಇರುತ್ತೆ. ಅದನ್ನೂ ಬೇರೆಯಾಗಿ ಆಫ್ ಮಾಡಬೇಕು. ಬಟ್ಟೆ ಒಣಗಿಸೋಕೆ ಕಬ್ಬಿಣದ ತಂತಿ ಕಟ್ಟಬೇಡಿ, ಪ್ಲಾಸ್ಟಿಕ್ ಹಗ್ಗ ಸಾಕು. ನೀರು ಎತ್ತುವ ಮೋಟಾರಿನ ವೈರಿಗೆ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಆ ಜಾಯಿಂಟ್ ನೀರಿಗೆ ಬೀಳಬಾರದು. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಆಫ್, ಆಮೇಲೆ ಅವರನ್ನು ಮುಟ್ಟೋದು. ಒಬ್ಬರನ್ನು ಉಳಿಸೋಕೆ ಹೋಗಿ ಇಬ್ಬರು ಮೂವರು ಸಾಯೋ ಘಟನೆಗಳು ನಮ್ಮಲ್ಲಿ ಅಪರೂಪವೇನಲ್ಲ. ಬೀದಿಯಲ್ಲಿ ತಂತಿ ಕಡಿದು ಬಿದ್ದಿದ್ದರೆ 1912ಕ್ಕೆ ಕರೆ ಮಾಡಿ, ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳಿ.

ಇಷ್ಟು ನಮ್ಮ ಕೈಯಲ್ಲಿರೋದು. ಈಗ ರಾಜಕೀಯಕ್ಕೆ ಬರೋಣ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ದೇಶದಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಜನ ವಿದ್ಯುತ್ ಆಘಾತಕ್ಕೆ ಸಾಯುತ್ತಾರೆ. ಭೂಮಿಗೆ ಸೋರುವ ಕರೆಂಟನ್ನು ಕಡಿಯುವ ಸಾಧನದ ಬಗ್ಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಉಲ್ಲೇಖ ಇದೆ. ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಅನ್ನೋ ಇಲಾಖೆಯೇ ಇದೆ. ಆದರೆ ದಿನನಿತ್ಯದ ವ್ಯವಹಾರದಲ್ಲಿ ಮೀಟರಿನ ಆಚೆಗೆ ಎಸ್ಕಾಂ, ಈಚೆಗೆ ನೀವು ಅನ್ನೋದೇ ಪದ್ಧತಿ. ಬಾಡಿಗೆದಾರರಾದರೆ ಇನ್ನೂ ಚೆಂದ. ಮಾಲೀಕರು ‘ಬೇಕಾದ್ರೆ ನೀವೇ ಹಾಕಿಸ್ಕೊಳಿ’ ಅಂತಾರೆ, ನೀವು ‘ಹನ್ನೊಂದು ತಿಂಗಳಿಗೆ ಯಾಕೆ ಖರ್ಚು’ ಅಂತೀರಿ.

2023ರ ಆಗಸ್ಟ್‌ನಿಂದ ಈ ರಾಜ್ಯದ ಒಂದೂವರೆ ಕೋಟಿಗೂ ಹೆಚ್ಚು ಮನೆಗಳ ಬಿಲ್ಲನ್ನು ಗೃಹಜ್ಯೋತಿ ಯೋಜನೆಯಡಿ ಸರ್ಕಾರ ಕಟ್ಟುತ್ತಿದೆ. 2024-25ರ ಬಜೆಟ್‌ನಲ್ಲಿ ಇದಕ್ಕೆ ಮೀಸಲಿಟ್ಟಿದ್ದು 9,000 ಕೋಟಿ ರೂಪಾಯಿಗೂ ಹೆಚ್ಚು. ನಾನು ಈ ಯೋಜನೆಯ ವಿರೋಧಿ ಅಲ್ಲ. ಬಡವರ ಮನೆಯ ದೀಪಕ್ಕೆ ಸರ್ಕಾರ ದುಡ್ಡು ಕೊಟ್ಟರೆ ‘ಬಿಟ್ಟಿ ಭಾಗ್ಯ’ ಅಂತ ಮೂಗು ಮುರಿಯೋರ ಜೊತೆ ನಾನಿಲ್ಲ. ನಾನು ಕೇಳೋದು ಒಂದೇ: ಯೂನಿಟ್ಟಿಗೆ ದುಡ್ಡು ಕೊಡುವ ಸರ್ಕಾರ, ಅದೇ ಯೂನಿಟ್ಟು ಜನರನ್ನ ಕೊಲ್ಲದ ಹಾಗೆ ನೋಡಿಕೊಳ್ಳೋಕೆ ಯಾಕೆ ದುಡ್ಡು ಕೊಡಬಾರದು?

ಲೆಕ್ಕ ಹಾಕಿ. ಅಂಗಡಿಯಲ್ಲಿ ಒಂದು ಆರ್‌ಸಿಸಿಬಿಗೆ 2,000 ರೂಪಾಯಿ ಅಂತ ಇಟ್ಟುಕೊಂಡರೂ ಒಂದೂವರೆ ಕೋಟಿ ಮನೆಗೆ 3,000 ಕೋಟಿ. ಇದು ಒಂದೇ ಬಾರಿಯ ಖರ್ಚು, ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 600 ಕೋಟಿ. ಕೂಲಿ, ಅರ್ಥಿಂಗ್ ಸೇರಿದರೆ ಇನ್ನಷ್ಟು ಆಗುತ್ತೆ, ನಿಜ. ಆದರೆ ಸರ್ಕಾರ ಸಗಟಾಗಿ ಕೊಂಡಾಗ ಬೆಲೆ ಏನಾಗುತ್ತೆ ಅನ್ನೋದನ್ನ ಎಲ್‌ಇಡಿ ಬಲ್ಬಿನಲ್ಲಿ ನೋಡಿದ್ದೀವಿ. 2014ರಲ್ಲಿ 310 ರೂಪಾಯಿ ಇದ್ದ ಸಗಟು ಖರೀದಿ ದರ ಎರಡು ಮೂರು ವರ್ಷದಲ್ಲಿ 40 ರೂಪಾಯಿಯ ಒಳಗೆ ಬಂತು. ನದಿಪಾತ್ರದ, ಕರಾವಳಿಯ, ತಗ್ಗು ಪ್ರದೇಶದ ಮನೆಗಳಿಂದ ಶುರು ಮಾಡಲಿ. ಇಂಥದ್ದೊಂದು ಸಾಲು ಯಾವುದೇ ಪಕ್ಷದ ಪ್ರಣಾಳಿಕೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಡ್ರಮ್ಮಿಗೆ ದಂಡ, ನಲ್ಲಿಗೆ?

2024ರಲ್ಲಿ ರಾಜ್ಯದಲ್ಲಿ ಡೆಂಗಿ ಪ್ರಕರಣಗಳು ಸೆಪ್ಟೆಂಬರ್ ಮೊದಲ ವಾರಕ್ಕೇ 25,000 ದಾಟಿದ್ದವು. ಆಗ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿ, 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ದಂಡದ ನಿಯಮ ತಂತು. ಸೊಳ್ಳೆ ಮರಿ ಸಿಕ್ಕರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಕಟ್ಟಡ ಕಾಮಗಾರಿ ಮತ್ತು ಖಾಲಿ ಸೈಟಿಗೆ ನಗರದಲ್ಲಿ 2,000, ಹಳ್ಳಿಯಲ್ಲಿ 1,000.

ಕಾಮಗಾರಿ ಜಾಗಕ್ಕೆ ದಂಡ ಹಾಕಲಿ, ಇನ್ನೂ ಜಾಸ್ತಿ ಹಾಕಲಿ. ಬೇಸ್‌ಮೆಂಟ್ ಗುಂಡಿಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸೋ ಬಿಲ್ಡರ್ ಮೇಲೆ ನನಗೇನೂ ಕನಿಕರ ಇಲ್ಲ. ಆದರೆ ಮನೆಯ ಡ್ರಮ್ಮಿನ ವಿಷಯ ಬೇರೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ಕೊಚ್ಚೆಯಲ್ಲಲ್ಲ. ಡ್ರಮ್ಮು, ತೊಟ್ಟಿ, ಹಂಡೆ, ಕೂಲರ್, ಗಿಡದ ಕುಂಡದ ತಟ್ಟೆಯಲ್ಲಿ ನಿಂತ ತಿಳಿನೀರಲ್ಲಿ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗೋಕೆ ಮಳೆಗಾಲದಲ್ಲಿ ಸುಮಾರು ಏಳರಿಂದ ಹತ್ತು ದಿನ ಬೇಕು. ಅದಕ್ಕೇ ‘ವಾರಕ್ಕೊಮ್ಮೆ ಎಲ್ಲಾ ಪಾತ್ರೆ ಖಾಲಿ ಮಾಡಿ, ಉಜ್ಜಿ ತೊಳೆದು ಒಣಗಿಸಿ’ ಅಂತ ಆರೋಗ್ಯ ಇಲಾಖೆ ಹೇಳೋದು. ವೈಜ್ಞಾನಿಕವಾಗಿ ಸರಿಯಾದ ಸಲಹೆ.

ಈಗ ಇದನ್ನ ನಲ್ಲಿಯಲ್ಲಿ ನೀರು ವಾರಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ ಬರುವ ಊರಿಗೆ ಹೇಳಿ ನೋಡಿ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಬಡಾವಣೆಗಳಲ್ಲಿ, ಉತ್ತರ ಕರ್ನಾಟಕದ ಹಲವು ಪಟ್ಟಣಗಳಲ್ಲಿ ಇದೇ ದಿನಚರಿ. ಏಳನೇ ದಿನ ಡ್ರಮ್ಮಿನಲ್ಲಿ ಉಳಿದಿರೋದೇ ಅರ್ಧ ನೀರು. ನಾಳೆ ನೀರು ಬಿಡ್ತಾರೋ ಇಲ್ಲವೋ ಗ್ಯಾರಂಟಿ ಇಲ್ಲ. ಆ ನೀರನ್ನ ಚರಂಡಿಗೆ ಸುರಿಯೋ ಧೈರ್ಯ ಯಾರಿಗಿದೆ? ನೀರು ಬರುವ ಚಕ್ರ, ಸೊಳ್ಳೆ ಹುಟ್ಟುವ ಚಕ್ರ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದು ನಿಂತಿವೆ. ಡ್ರಮ್ ಇಟ್ಟುಕೊಂಡವರಿಗೆ ದಂಡ ಇದೆ. ಡ್ರಮ್ ಇಟ್ಟುಕೊಳ್ಳಲೇಬೇಕಾದ ಸ್ಥಿತಿ ತಂದಿಟ್ಟವರಿಗೆ ದಂಡ ಹಾಕೋ ಕಾಲಂ ಆ ಅಧಿಸೂಚನೆಯಲ್ಲಿಲ್ಲ.

ಅಂಥ ಊರಲ್ಲಿ ಇದ್ದರೆ ಏನು ಮಾಡೋದು? ಖಾಲಿ ಮಾಡೋಕೆ ಆಗದ ಡ್ರಮ್ಮಿನ ಬಾಯಿಗೆ ಒತ್ತಾದ ಬಟ್ಟೆ ಬಿಗಿದು ಕಟ್ಟಿ, ಮುಚ್ಚಳದ ಸಂದಿನಲ್ಲಿ ಸೊಳ್ಳೆ ನುಸುಳುತ್ತೆ. ಹೊಸ ನೀರು ತುಂಬುವ ಮೊದಲು ಒಳಮೈಯನ್ನ ಬ್ರಷ್ಷಿನಿಂದ ಉಜ್ಜಿ. ಯಾಕಂದರೆ ಮೊಟ್ಟೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡಿರುತ್ತೆ, ತಿಂಗಳುಗಟ್ಟಲೆ ಒಣಗಿದ್ದರೂ ಸಾಯಲ್ಲ. ಈ ಸೊಳ್ಳೆ ಕಚ್ಚೋದು ಹಗಲಲ್ಲಿ, ಹೆಚ್ಚಾಗಿ ಬೆಳಗ್ಗೆ ಮತ್ತು ಸಂಜೆ ಮುಂಚೆ. ರಾತ್ರಿ ಮಾತ್ರ ಪರದೆ ಕಟ್ಟಿದರೆ ಪ್ರಯೋಜನ ಕಮ್ಮಿ, ಹಗಲು ಮಲಗುವ ಮಗುವಿಗೆ ಪರದೆ ಬೇಕು.

ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಥರದ ಮಾತ್ರೆ ನೀವಾಗಿಯೇ ನುಂಗಬೇಡಿ, ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಬಹಳ ಜನ ಎಡವೋದು ಜ್ವರ ಇಳಿದಾಗ. ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತೆ, ‘ಗುಣ ಆಯ್ತು’ ಅಂತ ಮನೆಯವರು ನಿರಾಳ ಆಗ್ತಾರೆ. ಅಪಾಯದ ಘಟ್ಟ ಶುರುವಾಗೋದೇ ಆಗ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು-ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ಕೈಕಾಲು ತಣ್ಣಗಾಗೋದು, ಇದರಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಿ. ಬರೀ ಪ್ಲೇಟ್‌ಲೆಟ್ ಸಂಖ್ಯೆ ನೋಡ್ತಾ ಕೂರಬೇಡಿ. ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸೋದಾದರೆ, 2024ರ ಜುಲೈನಲ್ಲಿ ಸರ್ಕಾರ ಎನ್‌ಎಸ್‌1 ಮತ್ತು ಐಜಿಎಂ ಎಲೈಸಾ ಪರೀಕ್ಷೆಗೆ ತಲಾ 300 ರೂಪಾಯಿ ದರ ನಿಗದಿ ಮಾಡಿತ್ತು ಅನ್ನೋದು ನೆನಪಿರಲಿ. ಹೆಚ್ಚು ಕೇಳಿದರೆ ಪ್ರಶ್ನೆ ಮಾಡಿ.

ಅದೇ ಪೈಪು, ಇನ್ನೊಂದು ಕಾಯಿಲೆ

ವಾರಕ್ಕೊಮ್ಮೆ ನೀರು ಬಿಡುವ ಪೈಪು ಸೊಳ್ಳೆಯಷ್ಟೇ ಅಲ್ಲ, ವಾಂತಿಭೇದಿಯನ್ನೂ ತರುತ್ತೆ. ಪೈಪಿನಲ್ಲಿ ಸದಾ ನೀರು ತುಂಬಿ ಒತ್ತಡ ಇದ್ದರೆ ಬಿರುಕಿನಲ್ಲಿ ನೀರು ಹೊರಗೆ ಸೋರುತ್ತೆ. ನೀರು ನಿಲ್ಲಿಸಿದ ಗಳಿಗೆ ಒತ್ತಡ ಇಳಿದು, ಅದೇ ಬಿರುಕಿನ ಮೂಲಕ ಸುತ್ತಲಿನ ಕೊಳೆನೀರು ಒಳಗೆ ಬರುತ್ತೆ. ಮಳೆಗಾಲದಲ್ಲಿ ಪೈಪಿನ ಸುತ್ತ ಇರೋದೇ ಚರಂಡಿ ಉಕ್ಕಿದ ನೀರು.

ಇದು ಬರೀ ತರ್ಕ ಅಲ್ಲ, ನಮ್ಮ ನೆಲದಲ್ಲೇ ಅಳೆದು ನೋಡಿದ್ದಾರೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಿಗೆ 2008ರ ಸುಮಾರಿಗೆ ಪ್ರಾಯೋಗಿಕವಾಗಿ 24 ಗಂಟೆ ನೀರು ಕೊಡೋಕೆ ಶುರುವಾಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ವಾರ್ಡ್‌ಗಳ ನಲ್ಲಿ ನೀರನ್ನ ಉಳಿದ ವಾರ್ಡ್‌ಗಳ ನೀರಿನ ಜೊತೆ ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ಶೇ. 31.7 ಮಾದರಿಗಳಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ ಸಿಕ್ಕಿತು, ಸದಾ ನೀರು ಬರುವ ಕಡೆ ಶೇ. 0.7ರಲ್ಲಿ. ಊರು ಒಂದೇ. ಬದಲಾಗಿದ್ದು ನೀರು ಕೊಡುವ ವ್ಯವಸ್ಥೆ.

ಆ ಪ್ರಯೋಗ ನಗರದ ಸುಮಾರು ಹತ್ತನೇ ಒಂದು ಭಾಗಕ್ಕೆ ಸೀಮಿತವಾಗಿತ್ತು. ಅದನ್ನು ಇಡೀ ನಗರಕ್ಕೆ ವಿಸ್ತರಿಸೋ ಮಾತು ಎಷ್ಟು ಸರ್ಕಾರಗಳ ಬಾಯಲ್ಲಿ ಬಂದು ಹೋಗಿದೆ ಅನ್ನೋದನ್ನ ಅಲ್ಲಿನವರೇ ಹೇಳ್ತಾರೆ.

ಫಲ ಏನು ಅನ್ನೋದಕ್ಕೆ ಬೇರೆ ಊರುಗಳ ಹೆಸರೂ ಇವೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಸಾವುಗಳಾದವು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 2024ರ ಮೇ ತಿಂಗಳಲ್ಲಿ ಮೈಸೂರು ಪಕ್ಕದ ಕೆ. ಸಾಲುಂಡಿಯಲ್ಲಿ ಒಬ್ಬ ಯುವಕ ಸತ್ತ. ಇವರೆಲ್ಲ ಕುಡಿದದ್ದು ತಮ್ಮ ಮನೆಯ ನೀರನ್ನೇ.

ಮನೆಯಲ್ಲಿ ಮಾಡಬೇಕಾದ್ದು ಸರಳ. ಮಳೆಗಾಲ ಮುಗಿಯೋ ತನಕ ಕುಡಿಯುವ ನೀರು ಕೊತಕೊತ ಕುದಿದ ಮೇಲೆ ಇನ್ನೂ ಒಂದು ನಿಮಿಷ ಕುದಿಯಲಿ. ಸೋಸಿದರೆ ಕಸ ಹೋಗುತ್ತೆ, ಕ್ರಿಮಿ ಹೋಗಲ್ಲ. ನೀರು ಬಿಟ್ಟ ಮೊದಲ ಕೆಲವು ನಿಮಿಷದ ನೀರನ್ನ ಕುಡಿಯೋಕೆ ಹಿಡಿಯಬೇಡಿ, ಬಟ್ಟೆ ಪಾತ್ರೆಗೆ ಬಳಸಿ. ಭೇದಿ ಶುರುವಾದರೆ ಮೊದಲ ಗಂಟೆಯಿಂದಲೇ ಓಆರ್‌ಎಸ್ ಕೊಡಿ. ಸರ್ಕಾರಿ ಆಸ್ಪತ್ರೆಯಲ್ಲೂ ಆಶಾ ಕಾರ್ಯಕರ್ತೆಯರ ಬಳಿಯೂ ಸಿಗುತ್ತೆ. ಮಗುವಿನ ಕಣ್ಣು ಗುಳಿ ಬಿದ್ದು, ಮೂತ್ರ ಕಮ್ಮಿಯಾಗಿ, ಮಂಕಾಗಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ನೆರೆನೀರಲ್ಲಿ ಓಡಾಡಿ ಬಂದವರು ಸೋಪು ಹಾಕಿ ಕಾಲು ತೊಳೆದುಕೊಳ್ಳಿ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗೋದು ಕಂಡರೆ ‘ನೆರೆನೀರಲ್ಲಿ ನಡೆದಿದ್ದೆ’ ಅಂತ ಡಾಕ್ಟರಿಗೆ ತಪ್ಪದೇ ಹೇಳಿ. ಇಲಿಜ್ವರ ಆಗಿದ್ದರೆ ಆ ಒಂದು ಮಾತಿನಿಂದ ಬೇಗ ಪತ್ತೆಯಾಗುತ್ತೆ.

ಕುದಿಸೋಕೂ ಗ್ಯಾಸ್ ಬೇಕು. ತಿಂಗಳಿಗೊಂದು ಸಿಲಿಂಡರ್ ತರೋದೇ ಕಷ್ಟ ಇರುವ ಮನೆಗೆ ‘ನೀರು ಕುದಿಸಿ ಕುಡಿಯಿರಿ’ ಅನ್ನೋದು ಪೈಪು ಸರಿ ಮಾಡದ ನಗರಸಭೆಯ ಖರ್ಚನ್ನ ಆ ಮನೆಯ ಒಲೆಗೆ ವರ್ಗಾಯಿಸಿದ ಹಾಗೆ.

ಬಿದ್ದ ಮೇಲೆ ಪರಿಹಾರ

ಕೊನೆಯದಾಗಿ ಗೋಡೆ. ಮಣ್ಣಿನ ಗೋಡೆಗೆ ಒಂದೇ ದಿನದ ಜಡಿಮಳೆಗಿಂತ ವಾರಗಟ್ಟಲೆ ಹಿಡಿಯುವ ಮಳೆ ಅಪಾಯಕಾರಿ. ನೀರು ಕುಡಿದು ಭಾರ ಹೆಚ್ಚುತ್ತೆ, ಬುಡದ ಗಟ್ಟಿತನ ಕರಗುತ್ತೆ. ಎಷ್ಟೋ ಸಲ ಮಳೆ ನಿಂತು ಬಿಸಿಲು ಬಂದ ಮೇಲೆ ಗೋಡೆ ಬೀಳೋದು ಇದಕ್ಕೇ. ಕಾಂಪೌಂಡ್ ಗೋಡೆಯ ಕಥೆ ಬೇರೆ. ಅದರ ಹಿಂದಿನ ಮಣ್ಣಲ್ಲಿ ನಿಂತ ನೀರಿಗೆ ಹೊರಹೋಗೋ ತೂತು ಇಲ್ಲದಿದ್ದರೆ ನೀರಿನ ಒತ್ತಡವೇ ಅದನ್ನ ತಳ್ಳಿ ಬೀಳಿಸುತ್ತೆ. ಎರಡಡಿಗೊಂದು ಪೈಪ್ ತುಂಡು ಇಟ್ಟಿದ್ದರೆ ನಿಲ್ಲಬಹುದಾದ ಗೋಡೆಗಳು ಎಷ್ಟೋ.

ಹೊಸದಾಗಿ ಓರೆ ಬಿರುಕು ಬಿಟ್ಟಿದೆಯಾ, ಗೋಡೆ ಉಬ್ಬಿದೆಯಾ, ನಿನ್ನೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಸಿಕ್ಕಿಕೊಳ್ತಿದೆಯಾ ಅಂತ ಮಳೆಗಾಲದಲ್ಲಿ ದಿನಾ ನೋಡಿ. ಇದ್ದರೆ ಆ ಗೋಡೆಯ ಪಕ್ಕ ಯಾರೂ ಮಲಗಬಾರದು. ಕೊಡಗಿನವರು ‘ಬರೆ’ ಅನ್ನುವ, ಮಲೆನಾಡಿನವರು ‘ಧರೆ’ ಅನ್ನುವ, ಗುಡ್ಡ ಕಡಿದು ಮಾಡಿದ ನೆಟ್ಟಗಿನ ಇಳಿಜಾರು ಮನೆಯ ಹಿಂದೆ ಇದ್ದರೆ, ರೆಡ್ ಅಲರ್ಟ್ ದಿನ ಆ ಬದಿಯ ಕೋಣೆ ಬಿಟ್ಟು ಇನ್ನೊಂದು ಬದಿಗೆ ಹಾಸಿಗೆ ಹಾಕಿ. ಬುಡದಲ್ಲಿ ಕೆಸರು ನೀರು ಒಸರೋಕೆ ಶುರುವಾದರೆ, ಮರ ವಾಲಿದರೆ, ಮನೆಯನ್ನೇ ಬಿಟ್ಟು ಹೋಗಿ. ‘ಮನೆಯಲ್ಲೇ ಇರಿ’ ಅನ್ನೋ ಸಂದೇಶ ಆ ಮನೆಗೆ ಅನ್ವಯಿಸಲ್ಲ. ಜಿಲ್ಲಾ ತುರ್ತು ಕೇಂದ್ರದ ಸಂಖ್ಯೆ 1077.

ಆದರೆ ಬಿಟ್ಟು ಎಲ್ಲಿಗೆ ಹೋಗೋದು? ಮನೆ ಬಿದ್ದರೆ ಪರಿಹಾರ ಇದೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಘೋಷಿಸಿತ್ತು. ಸತ್ತರೆ ವಿಪತ್ತು ಪರಿಹಾರ ನಿಧಿಯ ಮಾನದಂಡದ ಪ್ರಕಾರ 4 ಲಕ್ಷ. ಮೇ ತಿಂಗಳಲ್ಲೇ ‘ನಮ್ಮ ಗೋಡೆ ಬಿರುಕು ಬಿಟ್ಟಿದೆ’ ಅಂತ ಅರ್ಜಿ ಹಿಡಿದು ಹೋದ ಹೆಂಗಸಿಗೆ ಹತ್ತಿಪ್ಪತ್ತು ಸಾವಿರದ ದುರಸ್ತಿ ಹಣವೋ, ಎರಡು ತಿಂಗಳ ಬಾಡಿಗೆಯೋ ಕೊಡುವ ಕಿಟಕಿ ಯಾವ ಕಚೇರಿಯಲ್ಲಿದೆ? ಗ್ರಾಮ ಲೆಕ್ಕಿಗರಿಗೆ ಬಿದ್ದ ಮನೆಯ ಫೋಟೋ ಬೇಕು. ಬೀಳಲಿರುವ ಮನೆಗೆ ಅವರ ಫೈಲಿನಲ್ಲಿ ಜಾಗ ಇಲ್ಲ.

ಕೇಳೋದು ಯಾರನ್ನ

ಈ ನಾಲ್ಕರಲ್ಲಿ ಮೂರು, ಅಂದರೆ ಚರಂಡಿ, ನೀರಿನ ಪೈಪು, ಗೋಡೆಗೆ ಅನುಮತಿ, ಸ್ಥಳೀಯ ಸಂಸ್ಥೆಗಳ ಕೆಲಸ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅಧಿಕಾರದಲ್ಲಿದ್ದ ಪಕ್ಷಗಳು ಒಂದಲ್ಲ ಒಂದು ನೆಪ ಹೇಳಿದವು, 2025ರ ಮಳೆಗಾಲವೂ ಇಲ್ಲೆಲ್ಲ ಚುನಾಯಿತರಿಲ್ಲದೇ ಕಳೆಯಿತು. ಎನ್.ಎಸ್. ಪಾಳ್ಯದ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಆ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಸ್ಥಳೀಯ ಚುನಾವಣೆಯನ್ನು ‘ಸಣ್ಣ ಚುನಾವಣೆ’ ಅಂತ ಕಡೆಗಣಿಸುವ ನಮ್ಮಂಥವರು ಇದನ್ನ ಯೋಚಿಸಬೇಕು. ಪಾರ್ಲಿಮೆಂಟಿನಲ್ಲಿ ಯಾರು ಏನು ಮಾತಾಡಿದರು ಅನ್ನೋದರ ರೀಲ್ಸ್ ನಮ್ಮ ಬಳಿ ಇರುತ್ತೆ. ನಮ್ಮ ಬೀದಿಯ ಪೈಪು ಕೊನೇ ಸಲ ಬದಲಾದದ್ದು ಯಾವಾಗ ಅಂತ ಗೊತ್ತಿರಲ್ಲ.

ಹಾಗಾಗಿ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ, ಬೇಕಾದರೆ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿ. ನಮ್ಮ ಬಡಾವಣೆಯ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ, ವರದಿ ಎಲ್ಲಿ? ಮಳೆಗಾಲಕ್ಕೆ ಮುಂಚೆ ಬೀಳಲಿರುವ ಮನೆ, ಗೋಡೆ, ಬರೆಗಳ ಪಟ್ಟಿ ಮಾಡಿದ್ದೀರಾ, ಆ ಪಟ್ಟಿಯಲ್ಲಿರೋರಿಗೆ ಏನು ಕೊಟ್ಟಿರಿ? ನೆರೆ ನುಗ್ಗುವ ಮನೆಗಳಲ್ಲಿ ಎಷ್ಟಕ್ಕೆ ಆರ್‌ಸಿಸಿಬಿ ಇದೆ, ಇಲ್ಲದವರಿಗೆ ಯಾರು ಹಾಕಿಸ್ತೀರಿ? ಮೂರಕ್ಕೂ ಬಹುಶಃ ಮೊದಲ ಸಲ ಉತ್ತರ ಸಿಗಲ್ಲ. ಸಭೆಯ ನಡಾವಳಿಯಲ್ಲಿ ಪ್ರಶ್ನೆಯನ್ನಾದರೂ ಬರೆಸಿ ಬನ್ನಿ, ನಾಳೆ ಯಾರೂ ‘ನಮಗೆ ಗೊತ್ತೇ ಇರಲಿಲ್ಲ’ ಅನ್ನೋಕೆ ಆಗಬಾರದು.

ಸಭೆ ನಡೆಯೋ ತನಕ ಕಾಯಬೇಕಿಲ್ಲದ ಕೆಲಸ ಒಂದಿದೆ. ಎದ್ದು ಹೋಗಿ ಡಿಬಿ ಬಾಕ್ಸ್ ತೆಗೆದು ಟೆಸ್ಟ್ ಗುಂಡಿ ಹುಡುಕಿ. ಸಿಗಲಿಲ್ಲ ಅಂದರೆ ಮಾಲೀಕರಿಗೆ ಇವತ್ತೇ ಮೆಸೇಜ್ ಹಾಕಿ.